ಸಂಭಾವನೆಯೂ ಬೆಲೆಯೂ: ಜಾಲತಾಣ ವಿನ್ಯಾಸದ ಉಪವೃತ್ತಿಯಲ್ಲಿ ದರ ಮತ್ತು ಬಿಲ್ಲಿನ ವಿಚಾರ

ದುಡಿಮೆಗೆ ಪ್ರತಿಯಾಗಿ ದೊರೆಯುವ ಹಣವನ್ನು ಸೂಚಿಸುವ ಶಬ್ದಗಳು ಕನ್ನಡದಲ್ಲಿ ಹಲವು. ಕೂಲಿ, ಸಂಬಳ, ವೇತನ, ಶುಲ್ಕ, ಬೆಲೆ, ಸಂಭಾವನೆ ಇವೆಲ್ಲ ಮೇಲ್ನೋಟಕ್ಕೆ ಸಮಾನಾರ್ಥಕಗಳಂತೆ ಕಂಡರೂ ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲಲಾರದು. ಬೆಲೆ ಅಚ್ಚಗನ್ನಡ ಪದ; ತಮಿಳಿನ ‘ವಿಲೈ’ ಎಂಬುದರ ದಾಯಾದಿ. ಮಾರುವವನು ಹೇಳುವುದು ಬೆಲೆ. ಸಂಭಾವನೆಯಾದರೋ ಗೌರವವಾಚಕವಾದ ಸಂಸ್ಕೃತ ಶಬ್ದ. ಗಮಕಿಗೆ, ಕೀರ್ತನಕಾರನಿಗೆ ಫಲತಾಂಬೂಲದೊಡನೆ ಸಲ್ಲುವುದು ಸಂಭಾವನೆ. ಅದರ ಮೊತ್ತವನ್ನು ನಿಶ್ಚಯಿಸುವವನು ಕೊಡುವವನೇ ಹೊರತು ಪಡೆಯುವವನಲ್ಲ. ಈ ಎರಡು ಶಬ್ದಗಳ ಅಂತರವನ್ನರಿಯದೆ ಇಂದು ಸಂಕಟಪಡುತ್ತಿರುವವರಲ್ಲಿ, ಹಗಲು ನೌಕರಿ ಮಾಡಿ ರಾತ್ರಿ ಪರರಿಗೆ ಜಾಲತಾಣ ರಚಿಸಿಕೊಡುವ ತರುಣರೂ ಸೇರಿದ್ದಾರೆ.

ಇದಕ್ಕೊಂದು ಹಿನ್ನೆಲೆಯೂ ಇದೆ. ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿದ್ದಾಗ ರೂಪಿಸಿ 1991ರಲ್ಲಿ ಹೊರಗೆಡಹಿದ ವಿಶ್ವವ್ಯಾಪಿ ಜಾಲದ ತಂತ್ರಾಂಶವನ್ನು, 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಶುಲ್ಕವಿಲ್ಲದೆ ಸರ್ವರ ಬಳಕೆಗೆ ಬಿಟ್ಟುಕೊಟ್ಟಿತು. ಸಾಧನವು ಉಚಿತವಾಗಿ ದೊರೆತುದರಿಂದ ಅದನ್ನು ಬಳಸುವ ಶ್ರಮವೂ ಉಚಿತವೆಂಬ ಭ್ರಮೆ ಹುಟ್ಟಿತು. ಬಳಪ ಅಗ್ಗವೆಂದು ಪಾಠವೂ ಅಗ್ಗವೆನ್ನಲಾದೀತೆ?

ಹುಬ್ಬಳ್ಳಿ-ಧಾರವಾಡದ ಕಡೆ ಇಂಥ ಮಾತುಕತೆ ಹೇಗೆ ಆರಂಭವಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಪರಿಚಿತರಾದ ಅಂಗಡಿಯ ಹಿರಿಯರು, “ತಮ್ಮಾ, ನಮ್ಮ ಅಂಗಡಿಗೂ ಒಂದು ವೆಬ್‌ಸೈಟ್ ಮಾಡಿಕೊಡು, ಎಷ್ಟಾಗತದ?” ಎಂದು ಕೇಳುತ್ತಾರೆ. “ನೀವ ನೋಡಿ ಕೊಡ್ರಿ ಕಾಕಾ” ಎಂದು ಹುಡುಗನು ನಾಚುತ್ತಾನೆ. ಕೇಳಿದವರು ಬೆಲೆಯನ್ನು ಕೇಳಿದರು. ಇವನು ಸಂಭಾವನೆಯ ಉತ್ತರವನ್ನಿತ್ತನು. ಮೂರು ತಿಂಗಳ ಬಳಿಕ ಕಾಕಾ ಕೊಟ್ಟ ಹಣ ಇವನಿಗೆ ಅಲ್ಪವೆನಿಸುತ್ತದೆ, ಇವನ ಮೋರೆ ಕಂಡು ಅವರಿಗೆ ನೋವಾಗುತ್ತದೆ. ತಪ್ಪು ಇಬ್ಬರದೂ ಅಲ್ಲ. ಆಡಬೇಕಾದ ಮಾತನ್ನು ಆಡಬೇಕಾದ ಹೊತ್ತಿನಲ್ಲಿ ಆಡದುದೇ ಕಾರಣ.

ದರವನ್ನು ನಿಶ್ಚಯಿಸುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡಬಹುದು. ನೌಕರಿಯಲ್ಲಿರುವ ಒಬ್ಬ ತರುಣನಿಗೆ ವಾರಕ್ಕೆ 10 ಗಂಟೆಯಂತೆ ತಿಂಗಳಿಗೆ 40 ಗಂಟೆಗಳ ಬಿಡುವಿದೆಯೆಂದು ಭಾವಿಸೋಣ. ಈ ಉಪವೃತ್ತಿಯಿಂದ ಅವನು ಬಯಸುವುದು ತಿಂಗಳಿಗೆ 15,000 ರೂಪಾಯಿ. 60,000 ರೂಪಾಯಿಯ ಗಣಕಯಂತ್ರ ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 1,250 ರೂಪಾಯಿ ಸವೆಯುತ್ತದೆ. ವಿದ್ಯುತ್ತು, ಅಂತರಜಾಲ, ತಂತ್ರಾಂಶಗಳಿಗೆ ಇನ್ನೊಂದು 1,250. ಒಟ್ಟು 17,500. ಇದನ್ನು 40ರಿಂದ ಭಾಗಿಸಿ ಗಂಟೆಗೆ 437 ರೂಪಾಯಿ 50 ಪೈಸೆ ಎಂದುಕೊಳ್ಳುವುದೇ ಎಲ್ಲರೂ ಎಡವುವ ಸ್ಥಳ. ಗಿರಾಕಿಯೊಡನೆ ಮಾತು, ಓಡಾಟ, ಬಿಲ್ಲು ಬರೆಯುವುದು, ಹೊಸತನ್ನು ಕಲಿಯುವುದು ಇವಕ್ಕೆ ಹಣ ಕೊಡುವವರಿಲ್ಲ. ಇವಕ್ಕೆ 15 ಗಂಟೆ ಕಳೆದರೆ ಉಳಿಯುವುದು 25 ಮಾತ್ರ. ಆಗ ದರ ಗಂಟೆಗೆ 700 ರೂಪಾಯಿ. ಹಳೆಯ ದರವನ್ನೇ ಹಿಡಿದರೆ 25 ಗಂಟೆಗೆ 11,000 ರೂಪಾಯಿಯೂ ತುಂಬದು. ಖರ್ಚು ಕಳೆದು ಕೈಗೆ ಬರುವುದು 8,437 ರೂಪಾಯಿಯ ಆಸುಪಾಸು.

ಇನ್ನು ಒಂದು ತಾಣಕ್ಕೆ ಎಷ್ಟು ಗಂಟೆ ಬೇಕು? ಎಂಟು ಪುಟಗಳ ಸಾಧಾರಣ ಕನ್ನಡ ತಾಣಕ್ಕೆ ನಕ್ಷೆಗೆ 6, ಕಟ್ಟುವುದಕ್ಕೆ 12, ಚಿತ್ರಗಳಿಗೆ 3, ಬೇರೆ ಬೇರೆ ಮೊಬೈಲುಗಳಲ್ಲಿ ಪರೀಕ್ಷಿಸುವುದಕ್ಕೆ 3, ಒಡೆಯರಿಗೆ ಕಲಿಸಿಕೊಡುವುದಕ್ಕೆ 3 ಎಂದಿಟ್ಟುಕೊಂಡರೂ 27 ಆಯಿತು. ಕನ್ನಡ ತಾಣಗಳಿಗೇ ವಿಶಿಷ್ಟವಾದ ಇನ್ನೊಂದು ಕೆಲಸವುಂಟು. ಅದು ದರಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ನಮ್ಮ ಕಚೇರಿಗಳ ಬರಹ ಬಹುಕಾಲ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಸಂಕೇತಕ್ರಮದಲ್ಲೇ ಸಂಗ್ರಹವಾಯಿತು. ಅದನ್ನು ಹಾಗೆಯೇ ಜಾಲದಲ್ಲಿ ಅಂಟಿಸಿದರೆ ಕನ್ನಡದ ಬದಲು ರೋಮನ್ ಲಿಪಿಯ ಚೂರುಗಳು ಕಾಣುತ್ತವೆ. ಪರಿವರ್ತಕಗಳೇನೋ ಇವೆ, ಆದರೆ ಅರ್ಕಾವತ್ತು ಸ್ಥಾನ ತಪ್ಪಿತೇ, ಒತ್ತಕ್ಷರ ಉಳಿಯಿತೇ ಎಂದು ಕಣ್ಣಿಟ್ಟು ಓದದೆ ಗತ್ಯಂತರವಿಲ್ಲ. ಅದು ಕರಡು ತಿದ್ದುವ ಪಂಡಿತನ ಕೆಲಸವೇ ಸರಿ. ಇದಕ್ಕೆ 5 ಗಂಟೆ ಸೇರಿಸಿದರೆ 32 ಗಂಟೆ. 700ರ ದರದಲ್ಲಿ 22,400 ರೂಪಾಯಿ.

ಈ ಮೊತ್ತವನ್ನು ಕೆಲಸಕ್ಕೆ ಮುನ್ನವೇ ದರಪಟ್ಟಿಯಾಗಿ ಬರೆದು ಕೊಡತಕ್ಕದ್ದು. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಬರಹ ಮತ್ತು ಚಿತ್ರಗಳನ್ನು ಒದಗಿಸುವವರಾರು, ಹೆಚ್ಚಿನ ಪುಟಕ್ಕೆ ಎಷ್ಟು ಎಂಬುದು ಅದರಲ್ಲಿರಲಿ. ಎರಡು ಸಲಕ್ಕಿಂತ ಹೆಚ್ಚಿನ ತಿದ್ದುಪಡಿಗೆ ಗಂಟೆಯ ಲೆಕ್ಕವೆಂದು ಮೊದಲೇ ಬರೆದಿದ್ದರೆ ಏಳನೆಯ ಸಲ ಬಣ್ಣ ಬದಲಿಸುವ ಉತ್ಸಾಹ ತಾನಾಗಿ ಕುಗ್ಗುತ್ತದೆ. ಹಣವನ್ನು ಮೂರು ಕಂತುಗಳಲ್ಲಿ ಪಡೆಯುವುದು ಲೇಸು: ಮುಂಗಡ 8,960, ನಕ್ಷೆಗೆ ಒಪ್ಪಿಗೆಯಾದಾಗ 6,720, ಒಪ್ಪಿಸುವಾಗ ಉಳಿದ 6,720.

ಬಿಲ್ಲಿನಲ್ಲಿ ಇಬ್ಬರ ಹೆಸರು ವಿಳಾಸ, ಕ್ರಮಸಂಖ್ಯೆ, ದಿನಾಂಕ, ಕೆಲಸದ ವಿವರ, ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ, ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆ ಇರಬೇಕು. ‘ಆದಷ್ಟು ಬೇಗ’ ಎಂದು ಬರೆಯುವುದಕ್ಕಿಂತ ಪಾವತಿಯ ಕೊನೆಯ ದಿನಾಂಕವನ್ನೇ ಬರೆಯುವುದು ಮೇಲು. ಜಿ.ಎಸ್.ಟಿ. ವಿಷಯದಲ್ಲಿ ಗೊಂದಲವಿದೆ. ಸೇವೆ ಸಲ್ಲಿಸುವವನ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನೌಕರಿಯ ಸಂಬಳ ಈ ಲೆಕ್ಕಕ್ಕೆ ಸೇರದು. ನೋಂದಣಿಯಿಲ್ಲದವನು ಬಿಲ್ಲಿನಲ್ಲಿ ಆ ತೆರಿಗೆಯನ್ನು ವಸೂಲು ಮಾಡುವಂತೆಯೂ ಇಲ್ಲ. ಇನ್ನು ಆದಾಯ ತೆರಿಗೆ: ಒಂದೇ ಸಂಸ್ಥೆಯಿಂದ ವರ್ಷದಲ್ಲಿ ಬರುವ ವೃತ್ತಿಶುಲ್ಕ 50,000 ರೂಪಾಯಿ ಮೀರಿದರೆ, ಬಾಧ್ಯತೆಯುಳ್ಳ ಸಂಸ್ಥೆ ಮೂಲದಲ್ಲೇ ತೆರಿಗೆ ಕಡಿತ ಮಾಡುತ್ತದೆ. 2025ರ ಏಪ್ರಿಲ್ 1ಕ್ಕೆ ಮುನ್ನ ಈ ಮಿತಿ 30,000 ಇತ್ತು. ಕಡಿತವಾದ ಹಣ ನಷ್ಟವಲ್ಲ. ಅವನ ಪ್ಯಾನ್ ಲೆಕ್ಕದಲ್ಲೇ ಜಮೆಯಾಗುತ್ತದೆ. ಆದರೆ ಸರ್ಕಾರಿ ನೌಕರನಾದವನು ಪೂರ್ವಾನುಮತಿಯಿಲ್ಲದೆ ಇಂಥ ಉಪವೃತ್ತಿಗೆ ಕೈಹಾಕಲಾಗದು. ಖಾಸಗಿ ನೌಕರನೂ ತನ್ನ ನೇಮಕಾತಿ ಪತ್ರವನ್ನು ಒಮ್ಮೆ ಓದಿಕೊಳ್ಳಬೇಕು.

ವಿದ್ಯಾಸಂಸ್ಥೆಗಳ ಮಾತು ಬೇರೆ. ‘ನಮ್ಮ ಹಳೆಯ ವಿದ್ಯಾರ್ಥಿ, ಹಾಗೆಯೇ ಮಾಡಿಕೊಡುತ್ತಾನೆ’ ಎಂಬ ವಿಶ್ವಾಸ ಅಲ್ಲಿ ಸಹಜ. ಅನೇಕರು ಸಂತೋಷದಿಂದ ಮಾಡಿಕೊಡುವುದೂ ನಿಜ. ಆಗಲೂ ಬಿಲ್ಲು ಬರೆಯುವುದನ್ನು ಬಿಡಬಾರದು. 22,400 ಎಂದು ಪೂರ್ಣ ಮೊತ್ತವನ್ನು ಕಾಣಿಸಿ, ಕೆಳಗೆ ‘ಸೇವಾರ್ಥವಾಗಿ ಬಿಟ್ಟದ್ದು 22,400, ಸಲ್ಲಬೇಕಾದುದು ಸೊನ್ನೆ’ ಎಂದು ಬರೆಯಲಿ. ಶ್ರಮದಾನಕ್ಕೆ ಹಣದ ದಾನಕ್ಕಿರುವ ತೆರಿಗೆ ವಿನಾಯಿತಿ ದೊರೆಯದು, ದಿಟ. ಆದರೆ ಕೊಟ್ಟದ್ದು ಎಷ್ಟೆಂದು ಇಬ್ಬರಿಗೂ ತಿಳಿದಿರುತ್ತದೆ; ಮರುವರ್ಷ ಬೇರೊಬ್ಬನಿಂದ ಮಾಡಿಸುವಾಗ ಎಷ್ಟು ತೆಗೆದಿರಿಸಬೇಕೆಂದು ಆಡಳಿತ ಮಂಡಳಿಗೂ ಅಂದಾಜು ಸಿಗುತ್ತದೆ.

ಕೊನೆಗೆ ಒಪ್ಪಿಸುವ ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಸ್ವತಂತ್ರವಾಗಿ ದುಡಿಯುವವನು ಬರೆದ ತಂತ್ರಾಂಶದ ಸ್ವಾಮ್ಯ ಹಣ ಪಾವತಿಯಾದ ಮಾತ್ರಕ್ಕೆ ಗಿರಾಕಿಗೆ ಸಲ್ಲುವುದಿಲ್ಲ, ಬರವಣಿಗೆಯಲ್ಲಿ ವರ್ಗಾಯಿಸಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ. ತಾಣದ ಹೆಸರು, ಅಂದರೆ ಡೊಮೈನ್, ಮೊದಲಿನಿಂದಲೂ ಒಡೆಯನ ಹೆಸರಿನಲ್ಲೇ ನೋಂದಣಿಯಾಗಿರಲಿ; ಅದರ ಶುಲ್ಕವನ್ನೂ ಅವನೇ ನೇರವಾಗಿ ಕಟ್ಟಲಿ. ವಿನ್ಯಾಸಕನ ಹೆಸರಿನಲ್ಲಿದ್ದು ಅವನು ಊರು ಬಿಟ್ಟರೆ, ನವೀಕರಣದ ಸೂಚನೆ ಯಾರಿಗೂ ತಲಪದೆ ಹೆಸರೇ ಪರರ ಪಾಲಾಗಬಹುದು. ಕೊನೆಯ ಕಂತು ಸಂದ ದಿನ ಗುಪ್ತಪದಗಳು, ನವೀಕರಣದ ದಿನಾಂಕ, ಸ್ವಾಮ್ಯದ ವರ್ಗಾವಣೆ ಈ ಮೂರನ್ನೂ ಒಂದು ಪತ್ರದಲ್ಲಿ ಬರೆದು, ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು.