ಕುಲುಮೆಯಲ್ಲಿ ಚಾಕು ಹೊಡೆಸುವ ಮುನ್ನ

ಮುತ್ತತ್ತಿಯ ದೇವರಾದ ಮುತ್ತತ್ತಿರಾಯನಿಗೆ ಪರ, ಅಂದರೆ ಹರಕೆಯ ಬಾಡೂಟ, ಇಟ್ಟುಕೊಂಡ ಮನೆಯಲ್ಲಿ ಹಿಂದಿನ ಸಂಜೆಯೇ ಹುಡುಕಾಟ ಶುರುವಾಗುತ್ತದೆ. ಮಚ್ಚು ಎಲ್ಲಿ, ಈಳಿಗೆಮಣೆಗೆ ಬಾಯಿ ಇದೆಯಾ, ಚಾಕು ಯಾರು ತರ್ತಾರೆ? ಮೂವತ್ತು ಜನಕ್ಕೆ ನಾಟಿಕೋಳಿ ಕೊಯ್ಯುವ ಕೆಲಸ ಅಂಗಡಿಯ ತೆಳು ಸ್ಟೀಲ್ ಚಾಕುವಿನದಲ್ಲ. ಅದಕ್ಕೆ ಕುಲುಮೆಯಲ್ಲಿ ಹೊಡೆಸಿದ್ದೇ ಬೇಕು. ಆದರೆ ಯಾರ ಕುಲುಮೆ?

ಹಳೆಯ ಮೈಸೂರು ಗೆಜೆಟಿಯರುಗಳು ಕಬ್ಬಿಣ ಕರಗಿಸುತ್ತಿದ್ದ ತಾಲ್ಲೂಕುಗಳ ಸಾಲಿನಲ್ಲಿ ಮಾಗಡಿ, ಚಿಕ್ಕನಾಯಕನಹಳ್ಳಿಗಳ ಜೊತೆ ಮುತ್ತತ್ತಿ ಇರುವ ಮಳವಳ್ಳಿಯನ್ನೂ ಹೆಸರಿಸುತ್ತವೆ. ಈಗ ಅದಿರು ಕರಗಿಸುವವರಿಲ್ಲ, ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯೇ ಕುಲುಮೆಯ ಉಕ್ಕು. ಬೆಂಕಿಯ ಮುಂದಿನ ಕಣ್ಣಂದಾಜು ಮಾತ್ರ ಅಂದಿನದೇ. ಅದಕ್ಕೇ ನಾನು ಹೇಳುವುದು: ಚಾಕು ನೋಡಿ ಕುಲುಮೆಯ ಆಚಾರ್ರನ್ನು ಆರಿಸಬೇಡಿ, ಅವರು ಹದ ಹಾಕುವುದನ್ನು ನೋಡಿ ಆರಿಸಿ.

ಮೊದಲು ಕೆಲಸ ಹೇಳಿ

ತರಕಾರಿಗೋ, ಮೀನಿಗೋ, ಮೂಳೆಗೋ? ಒಂದೇ ಅಲಗು ಮೂರಕ್ಕೂ ಆಗದು. ಮೀನಿಗೆ ತೆಳ್ಳಗೆ, ಕೊಂಚ ಬಾಗುವಂತಿರಬೇಕು. ಮೂಳೆ ಕಡಿಯುವ ಮಚ್ಚಿಗೆ ಬೆನ್ನು ದಪ್ಪ, ತೂಕ ಮುಂದಕ್ಕೆ. ಮನೆಯಲ್ಲಿ ಕೈಗೆ ಒಗ್ಗಿದ ಹಳೆಯದಿದ್ದರೆ ಅದನ್ನೇ ಮಾದರಿಯಾಗಿ ಒಯ್ಯಿರಿ. ‘ಎಲ್ಲಕ್ಕೂ ಆಗುತ್ತೆ’ ಎನ್ನುವವರಿಗಿಂತ ‘ಏನು ಕುಯ್ತೀರಿ?’ ಎಂದು ಕೇಳುವವರು ಮೇಲು.

ಹೊಡೆದುಕೊಡುವವರು ಮೂರು ಬಗೆ. ಸುತ್ತಲ ಊರುಗಳ ಕುಲುಮೆಯವರು, ರಸ್ತೆ ಬದಿಯಲ್ಲಿ ಬಿಡಾರ ಹೂಡಿ ಗಂಡಹೆಂಡಿರಿಬ್ಬರೂ ಸುತ್ತಿಗೆ ಹಿಡಿಯುವ ವಲಸೆ ಕುಟುಂಬಗಳು, ಆರ್ಡರ್ ಮೇಲೆ ಮಾಡಿಕೊಡುವ ನಗರದ ಕುಶಲಿಗಳು. ಕೊನೆಯವರ ಕೆಲಸ ನಯ, ಬೆಲೆ ಸಾವಿರಗಳಲ್ಲಿ, ಕಾಯುವುದೂ ಹೆಚ್ಚು. ಬಿಡಾರದವರ ಕೈ ಬಲು ಚುರುಕು, ಆದರೆ ಬಾಯಿ ಹೋದಾಗ ಅವರು ಯಾವ ಊರಲ್ಲಿರುತ್ತಾರೋ.

ಯಾವ ಕಬ್ಬಿಣ?

ಸಂಕೋಚವಿಲ್ಲದೆ ಕೇಳಿ. ‘ಲಾರಿ ಪಟ್ಟಿ ಕಣವ್ವ’ ಎಂದು ತುಂಡನ್ನು ತೋರಿಸಿದರೆ ಒಳ್ಳೆಯದು. ಕಟ್ಟಡದ ಸಾಮಾನ್ಯ ಮೆದು ಕಬ್ಬಿಣದಲ್ಲಿ ಇಂಗಾಲ ಶೇ 0.2ರ ಆಸುಪಾಸು, ಎಷ್ಟು ಕಾಯಿಸಿ ಅದ್ದಿದರೂ ಬಾಯಿ ಗಟ್ಟಿಯಾಗದು. ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು ಶೇ 0.6, ಅದು ಹದ ಹಿಡಿಯುತ್ತದೆ. ಅಯಸ್ಕಾಂತಕ್ಕೆ ಎರಡೂ ಅಂಟುತ್ತವೆ, ಆ ಪರೀಕ್ಷೆ ನಂಬಬೇಡಿ. ಸಾಣೆಚಕ್ರಕ್ಕೆ ತಾಗಿಸಿದಾಗ ಕಿಡಿ ನೋಡಿ. ಮೆದು ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಹಾರುತ್ತದೆ, ಉಕ್ಕಿನದು ತುದಿಯಲ್ಲಿ ಹೂವಿನಂತೆ ಸಿಡಿಯುತ್ತದೆ.

ಹದ ಹಾಕುವಾಗ ಅಲ್ಲೇ ನಿಲ್ಲಿ

ಕೆಂಪಗೆ ಕಾದ ಅಲಗಿನ ಬಾಯಿಯನ್ನಷ್ಟೇ ಆಚಾರ್ರು ಅದ್ದುತ್ತಾರೆ. ಬೆನ್ನಿನಲ್ಲಿ ಕಾವು ಉಳಿದಿರುತ್ತದೆ. ಕೂಡಲೇ ಬಾಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಇಕ್ಕಳದಲ್ಲಿ ಹಿಡಿದು ನೆರಳಲ್ಲಿ ದಿಟ್ಟಿಸುತ್ತಾರೆ. ಬೆನ್ನಿನ ಕಾವು ಕೆಳಗಿಳಿಯುತ್ತಿದ್ದಂತೆ ಬಣ್ಣ ಓಡುತ್ತದೆ: ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ. ತರಕಾರಿ ಚಾಕುವಾದರೆ ಹಳದಿಯಲ್ಲೇ ಮತ್ತೆ ನೀರಿಗೆ. ಮೂಳೆ ಕಡಿಯುವ ಮಚ್ಚಾದರೆ ನೇರಳೆಗೆ ಬರುವವರೆಗೆ ತಡೆಯಬೇಕು, ಬಾಯಿ ಕೊಂಚ ಮೆತ್ತಗಾದರೂ ಮುಕ್ಕಾಗದು. ಈ ಕೆಲವು ಕ್ಷಣಗಳಲ್ಲಿ ಮಾತು ನಿಲ್ಲಿಸಿ ಬಣ್ಣ ನೋಡುವವರಿದ್ದರೆ, ಅವರೇ ನಿಮ್ಮ ಆಚಾರ್ರು.

ಒಮ್ಮೆ ಹೊಳಪಿಗೆ ಮರುಳಾಗಿ ದಾರಿಯಲ್ಲಿ ಮಚ್ಚೊಂದನ್ನು ಕೊಂಡಿದ್ದೆ. ಮೊದಲ ಕೋಳಿಯ ತೊಡೆಮೂಳೆಗೇ ಮುಕ್ಕಾಯಿತು. ಚೂರು ಎಷ್ಟು ಹುಡುಕಿದರೂ ಸಿಗಲಿಲ್ಲ. ಮಕ್ಕಳು ಉಣ್ಣುವ ಸಾರು, ಹೇಗೆ ನಂಬುವುದು? ಇಡೀ ಬೋಸಿ ಮಾಂಸ ಚೆಲ್ಲಿದೆವು. ಹದ ಎಂದರೆ ಏನೆಂದು ನನಗೆ ಅಂದು ತಿಳಿಯಿತು.

ದುಡ್ಡು ಕೊಡುವ ಮುಂಚೆ

ಬಾಯಿಯ ಮೇಲೆ ಅರ ಆಡಿಸಿ ನೋಡಿ. ಸುಲಭವಾಗಿ ಕಚ್ಚಿ ತುರಿದರೆ ಹದ ಬಿದ್ದಿಲ್ಲ. ಹಿಡಿ ಹಾಕುವ ಮೊದಲು ಅಲಗನ್ನು ಬಾಲದಲ್ಲಿ ತೂಗಿ ಹಿಡಿದು ಕಬ್ಬಿಣದಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನುಡಿಯಬೇಕು, ಬಿರುಕಿದ್ದರೆ ದನಿ ಒಡೆಯುತ್ತದೆ. ನೀರಲ್ಲಿ ಅದ್ದಿದ ಸ್ಪ್ರಿಂಗ್ ಪಟ್ಟಿ ಬಿರುಕು ಬಿಡಬಹುದು, ಅದಕ್ಕೆ ಈ ಪರೀಕ್ಷೆ ತಪ್ಪಿಸಬೇಡಿ. ಸಾಣೆ ಹಿಡಿಯುವಾಗ ಬಾಯಿ ನೀಲಿಗಟ್ಟಿದ್ದರೆ ಹದ ಹೋಯಿತೆಂದೇ ಲೆಕ್ಕ. ಹಿಡಿಗೆ ಒಣಗಿದ ಗಟ್ಟಿ ಮರವಿರಲಿ, ಹಸಿ ಮರ ಕುಗ್ಗಿ ಸಡಿಲವಾಗುತ್ತದೆ.

‘ಬಾಯಿ ಹೋದರೆ ತಂದುಕೊಡಲಾ?’ ಎಂದೂ ಕೇಳಿ. ಮನೆಗೆ ಹತ್ತಿರದ ಕುಲುಮೆಗೆ ನಾನು ಹೆಚ್ಚು ಅಂಕ ಕೊಡುವುದು ಇದಕ್ಕೇ. ನಮ್ಮಮ್ಮನ ಈಳಿಗೆ ತಟ್ಟಿಸಿ ತಟ್ಟಿಸಿ ಎರಡು ಬೆರಳಗಲದಿಂದ ಒಂದು ಬೆರಳಗಲಕ್ಕೆ ಸವೆದಿದೆ, ಇಂದಿಗೂ ಬದನೆಕಾಯಿ ಹೋಳು ಕಾಗದದಷ್ಟು ತೆಳ್ಳಗೆ ಬರುತ್ತದೆ. ಇದು ಸ್ಟೀಲಲ್ಲ, ತುಕ್ಕು ಹಿಡಿಯುತ್ತದೆ. ಹುಣಿಸೆ, ನಿಂಬೆ ಮುಟ್ಟಿದೊಡನೆ ತೊಳೆದು ಒರೆಸಿ ಒಂದು ತೊಟ್ಟು ಎಣ್ಣೆ ಸವರಿಡಿ.

ಮುತ್ತತ್ತಿಗೆ ಹೊರಟವರಿಗೆ ಇನ್ನೊಂದು ಮಾತು. ಮುತ್ತತ್ತಿ ಇರುವುದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧಗಳ ಪಟ್ಟಿಯಲ್ಲಿ ಚಾಕುವನ್ನೂ ಸೇರಿಸಿದೆ, ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯುವಂತಿಲ್ಲ. ಪರದ ಅಡುಗೆ ಸಾಮಾನಿನಲ್ಲಿ ಚಾಕು, ಮಚ್ಚು ಇದ್ದರೆ ಚೆಕ್‌ಪೋಸ್ಟಿನಲ್ಲೇ ತೋರಿಸಿ, ಕೇಳಿಕೊಂಡು ಒಳಗೆ ಹೋಗಿ. ಹೊಸದು ಹೊಡೆಸುವುದಿದ್ದರೆ ಹೋಗುವಾಗ ಮಾದರಿ ಕೊಟ್ಟು, ದೇವರ ದರ್ಶನ ಮುಗಿಸಿ ಬರುವಾಗ ಮುಂದೆ ನಿಂತು ಹದ ಹಾಕಿಸಿ ಇಸಕೊಳ್ಳಿ.