ಮೊದಲು ಕಾಲು ಕಾಣಲಿ

ಬೈಯಪ್ಪನಹಳ್ಳಿ ಮೆಟ್ರೊ ಇಳಿದು ನಾಗವಾರಪಾಳ್ಯದ ಕಡೆ ನಡೆದರೆ ಸಿಗುವ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನನ್ನ ಸ್ಟುಡಿಯೋ ಇದೆ. ಸ್ಟುಡಿಯೋ ಅನ್ನುವುದು ಬೋರ್ಡಿನ ಮಾತು. ಇರುವುದು ಒಂದು ಕೋಣೆ, ಒಂದು ಕಂಪ್ಯೂಟರು, ಮೇಲೊಂದು ತಾರಸಿ. ಮೊದಲು ಹಲಸೂರು, ಶಿವಾಜಿನಗರದ ಛತ್ರಗಳಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದೆ. 2020ರಲ್ಲಿ ಕೊರೊನಾ ಬಂದು ಛತ್ರಗಳಿಗೆ ಬೀಗ ಬಿತ್ತು. ಅದೇ ವರ್ಷ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್. ಟಿಕ್‌ಟಾಕ್‌ನಲ್ಲಿ ಕುಣಿಯುತ್ತಿದ್ದ ನಮ್ಮ ಏರಿಯಾದ ಹುಡುಗರು ಹೊಸ ಆ್ಯಪಿನಲ್ಲಿ ಒಂದರಿಂದ ಎಣಿಕೆ ಶುರು ಮಾಡಬೇಕಿತ್ತು, ನನಗೂ ಕೆಲಸ ಬೇಕಿತ್ತು. ಅಂದಿನಿಂದ ಡಾನ್ಸ್ ವಿಡಿಯೋನೇ ನನ್ನ ಅನ್ನ.

"ಅಣ್ಣಾ, ಒಳ್ಳೇ ಕ್ಯಾಮೆರಾದಲ್ಲಿ ತೆಗೆದ್ರೆ ವ್ಯೂಸ್ ಬರುತ್ತಾ?" ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. ಹೌದು ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು. ಕೈ ಸುಟ್ಟುಕೊಂಡು ಕಲಿತದ್ದನ್ನು ಸಾಲಾಗಿ ಬರೆಯುತ್ತೇನೆ, ಉತ್ತರ ಅದರೊಳಗೇ ಇದೆ.

1. ಖರ್ಚು ಕಂಡರೆ ಕುಣಿತ ಕಾಣುವುದಿಲ್ಲ

ಶುರುವಿನಲ್ಲಿ ಐದು ಹುಡುಗರ ತಂಡಕ್ಕೆ ಒಂದು ಹಾಡು ಮಾಡಿದೆ. ಬಾಡಿಗೆ ಕ್ಯಾಮೆರಾ, ಗಿಂಬಲ್, ಹೊಗೆ ಯಂತ್ರ, ಬಣ್ಣದ ಲೈಟು, ಎರಡು ದಿನದ ಶೂಟಿಂಗು, ನಾಲ್ಕು ರಾತ್ರಿಯ ಎಡಿಟಿಂಗು. ಹಾಕಿದ ಜಾಗದಲ್ಲೇ ಅದು ಕೂತುಬಿಟ್ಟಿತು. ಅದೇ ಹುಡುಗರು ಅದೇ ಹಾಡಿಗೆ ತಾರಸಿಯಲ್ಲಿ ತಾಲೀಮು ಮಾಡುವಾಗ ಒಬ್ಬನ ತಂಗಿ ಪ್ಯಾರಪೆಟ್ ಗೋಡೆಗೆ ಫೋನ್ ಒರಗಿಸಿ ತೆಗೆದಿದ್ದಳು. ಅದು ಓಡಿತು. "ನೋಡಿದ್ಯಾ ಗುರು, ಕ್ವಾಲಿಟಿ ಎಲ್ಲ ಸುಳ್ಳು" ಅಂತ ಹುಡುಗರು ನಕ್ಕರು.

ಆ ರಾತ್ರಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನನ್ನ ನಲವತ್ತು ಸೆಕೆಂಡಿನ ವಿಡಿಯೋದಲ್ಲಿ ಐವರ ಕಾಲೂ ಒಟ್ಟಿಗೆ ಕಂಡದ್ದು ಒಂಬತ್ತು ಸೆಕೆಂಡು. ಆ ಹುಡುಗಿಯದರಲ್ಲಿ ಪೂರಾ ನಲವತ್ತು. ಮೋಡದ ಸಂಜೆಯಾದ್ದರಿಂದ ಮುಖದ ಮೇಲೆ ಗಡುಸು ನೆರಳಿಲ್ಲ, ಗೋಡೆಗೆ ಒರಗಿದ ಫೋನು ಅಲುಗಿಲ್ಲ, ಹಿಂದೆ ಬರೀ ಆಕಾಶ. ಅವಳಿಗೆ ಗೊತ್ತಿಲ್ಲದೆಯೇ ನನಗಿಂತ ಒಳ್ಳೆಯ ಕ್ವಾಲಿಟಿ ಕೊಟ್ಟಿದ್ದಳು. ಸೋತದ್ದು ಕ್ವಾಲಿಟಿಯಲ್ಲ, ಕ್ವಾಲಿಟಿ ಅಂದರೆ ಏನು ಅನ್ನುವ ನನ್ನ ತಿಳಿವಳಿಕೆ.

2. ಹಿಮ್ಮಡಿಯಿಂದ ಎತ್ತಿದ ಕೈವರೆಗೆ ಫ್ರೇಮು

ಮದುವೆ ವಿಡಿಯೋದವನಿಗೆ ಮುಖ ಮುಖ್ಯ. ಡಾನ್ಸಿಗೆ ಬಂದಾಗ ಆ ಅಭ್ಯಾಸ ಬಿಡುವುದೇ ಕಷ್ಟವಾಯಿತು. ಹಾಲಿವುಡ್ಡಿನ ಫ್ರೆಡ್ ಅಸ್ಟೇರ್ 1930ರ ದಶಕದಲ್ಲೇ ತನ್ನ ಕುಣಿತದಲ್ಲಿ ಅಡಿಯಿಂದ ಮುಡಿಯವರೆಗೆ ಪೂರ್ತಿ ಮೈ ಕಾಣಬೇಕು, ಆದಷ್ಟು ಕಡಿಮೆ ಕಟ್ ಇರಬೇಕು ಎಂದು ಹಟ ಹಿಡಿಯುತ್ತಿದ್ದನಂತೆ. ಇಂದಿನ ಕೊರಿಯಾದ ಪಾಪ್ ತಂಡಗಳೂ ದುಬಾರಿ ಹಾಡಿನ ಜೊತೆಗೆ 'ಡಾನ್ಸ್ ಪ್ರಾಕ್ಟೀಸ್' ಅಂತ ಬೇರೆಯೇ ಒಂದು ವಿಡಿಯೋ ಬಿಡುತ್ತವೆ: ಒಂದು ಕೋಣೆ, ಒಂದು ಕ್ಯಾಮೆರಾ, ಇಡೀ ತಂಡ. ಬ್ಲ್ಯಾಕ್‌ಪಿಂಕ್ ತಂಡದ 'ಹೌ ಯು ಲೈಕ್ ದಟ್' ಹಾಡಿನ ಡಾನ್ಸ್ ವಿಡಿಯೋಗೆ ಗುಲಾಬಿ ಬಣ್ಣದ ಒಂದೇ ಸೆಟ್ಟು, ಉದ್ದಕ್ಕೂ ಕುಣಿತವೇ. ಅದರ ವೀಕ್ಷಣೆ ನೂರು ಕೋಟಿ ದಾಟಿದೆ. ಅದು ಅಗ್ಗದ ಕೆಲಸವಲ್ಲ. ದುಡ್ಡೆಲ್ಲ ಕುಣಿತವನ್ನು ನಿಚ್ಚಳವಾಗಿ ಕಾಣಿಸುವುದಕ್ಕೇ ಹೋಗಿದೆ, ಅಷ್ಟೇ.

ಫ್ರೇಮು ಅಳೆಯುವಾಗ ಸುಮ್ಮನೆ ನಿಲ್ಲಿಸಬೇಡಿ. ಕೈ ಮೇಲೆತ್ತಿಸಿ, ಒಮ್ಮೆ ಎಗರಿಸಿ, ಎರಡೂ ಬದಿಗೆ ಒಂದು ಹೆಜ್ಜೆ ಹಾಕಿಸಿ. ಕೆಳಗಡೆ ಇನ್ನೂ ಸ್ವಲ್ಪ ಜಾಗ ಉಳಿಸಿ. ಆ್ಯಪಿನವರು ಹೆಸರು, ಹಾಡಿನ ವಿವರ ಬರೆಯುವುದು ಅಲ್ಲೇ. ಕಾಲು ಅದರ ಹಿಂದೆ ಮುಚ್ಚಿಹೋಗುತ್ತದೆ.

3. ನಿಂತ ಫೋನಿಗೆ ಸಾಲು ಹಿಡಿಸುವುದಿಲ್ಲ

ಒಬ್ಬ ಮನುಷ್ಯ ನಿಂತ ಆಕಾರಕ್ಕೆ ನಿಂತ ಫೋನು ಸರಿಹೊಂದುತ್ತದೆ. ಆರು ಜನ ಸಾಲಾಗಿ ನಿಂತರೆ ಎಲ್ಲರೂ ಇರುವೆಗಳು. ವೇದಿಕೆಗೆ ಕಟ್ಟಿದ ಫಾರ್ಮೇಷನ್ ಅನ್ನು ಫೋನಿಗೆ ಹಾಗೇ ತರಬೇಡಿ. ಅಗಲವನ್ನು ಆಳಕ್ಕೆ ತಿರುಗಿಸಿ: ಮುಂದೆ ಒಬ್ಬರು, ಹಿಂದೆ ಇಬ್ಬರು, ಅವರ ಹಿಂದೆ ಮೂವರು. ಗುಂಪಿದ್ದಾಗ ಕ್ಯಾಮೆರಾ ತಲೆಯ ಮಟ್ಟಕ್ಕೆ ಏರಲಿ, ಹಿಂದಿನವರು ಕಾಣುತ್ತಾರೆ. ಒಬ್ಬರೇ ಇದ್ದರೆ ಸೊಂಟದ ಮಟ್ಟಕ್ಕೆ ಇಳಿಯಲಿ, ಇಲ್ಲದಿದ್ದರೆ ಕಾಲು ಗಿಡ್ಡ ಕಾಣುತ್ತದೆ. ಜಾಗ ಸಾಲದು ಅಂತ ಫೋನಿನ ಅಗಲ ಹಿಡಿಯುವ ಅರ್ಧ ಎಕ್ಸ್ (0.5x) ಲೆನ್ಸ್ ಹಾಕಿದರೆ ಅಂಚಿಗೆ ಬಂದ ಕೈಕಾಲು ರಬ್ಬರಿನಂತೆ ಎಳೆದುಕೊಳ್ಳುತ್ತವೆ. ನೀವೇ ಹಿಂದೆ ಸರಿಯಿರಿ.

4. ಮೋಡವೇ ನಮ್ಮ ದೊಡ್ಡ ಲೈಟು

ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಒಂದೊಂದು ದಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅನ್ನುತ್ತಾರೆ. ಆ ತಿಂಗಳುಗಳ ಹನ್ನೆರಡು ಗಂಟೆಯ ಬಿಸಿಲಲ್ಲಿ ಕುಣಿದವರ ಕಣ್ಣಿನ ಜಾಗದಲ್ಲಿ ಬರೀ ಕಪ್ಪು ಗುಳಿ. ಜೂನಿನಿಂದ ಸೆಪ್ಟೆಂಬರ್‌ವರೆಗಿನ ನಮ್ಮೂರಿನ ಮೋಡವಾದರೋ ಯಾವ ಬಾಡಿಗೆ ಲೈಟಿಗೂ ಸಿಗದ ಮೆದು ಬೆಳಕು ಕೊಡುತ್ತದೆ. ಮಳೆ ನಿಂತ ಮೇಲೆ ತಾರಸಿ ಒರೆಸಿ ಒಣಗಿಸುವುದೊಂದೇ ಖರ್ಚು. ಬಿಸಿಲಲ್ಲೇ ಮಾಡಬೇಕೆಂದರೆ ಬೆಳಗ್ಗೆ ಎಂಟರೊಳಗೆ, ಅಥವಾ ಸಂಜೆ ಐದರ ಮೇಲೆ. ಎದುರಿನಿಂದ ಬೆಳಕು ತಿರುಗಿಸಲು ಥರ್ಮೋಕೋಲ್ ಹಲಗೆ ಸಾಕು, ಅದೂ ಇಲ್ಲದಿದ್ದರೆ ಬಿಳಿ ಪಂಚೆ.

5. ಟ್ಯೂಬ್‌ಲೈಟಿನ ಪಟ್ಟೆ

ಡಾನ್ಸ್ ಕ್ಲಾಸಿನ ಹಾಲ್‌ನಲ್ಲಿ ತೆಗೆದ ವಿಡಿಯೋ ಮೇಲೆ ಕಪ್ಪು ಪಟ್ಟೆಗಳು ಹರಿದಾಡುವುದನ್ನು ನೋಡಿರುತ್ತೀರಿ. ಫೋನು ಕೆಟ್ಟಿಲ್ಲ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಜ್‌ನದು, ಹಾಗಾಗಿ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರ್ ಆ ಮಿಡಿತಕ್ಕೆ ತಾಳೆಯಾಗದಿದ್ದರೆ ಪಟ್ಟೆ ಬೀಳುತ್ತದೆ. ಫೋನಿನ ಆಟೋ ಬಿಟ್ಟು ಶಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೋ 100ನೇ ಒಂದು ಭಾಗಕ್ಕೋ ಕಟ್ಟಿಹಾಕಿ. ವೇಗದ ಕಾಲ್ಕೆಲಸಕ್ಕೆ ನಾನು ನೂರನ್ನೇ ಆರಿಸುತ್ತೇನೆ, ಪಾದ ಮಸುಕಾಗುವುದಿಲ್ಲ. ಕೆಲವು ಅಗ್ಗದ ಎಲ್‌ಇಡಿ ದೀಪಗಳ ಮಿಡಿತವೇ ಬೇರೆ. ಅಂಥ ಕಡೆ ಹತ್ತು ಸೆಕೆಂಡು ತೆಗೆದು ನೋಡಿಯೇ ಮುಂದುವರಿಯಬೇಕು.

6. ತಾಳ ತಪ್ಪಿದರೆ ಬೈಗುಳ ಡಾನ್ಸರ್‌ಗೆ

ಒಬ್ಬ ಹುಡುಗಿ ಪಕ್ಕಾ ತಾಳದವಳು. ವಿಡಿಯೋದಲ್ಲಿ ಮಾತ್ರ ಪ್ರತಿ ಹೆಜ್ಜೆಯೂ ತಡ. ಕಾಮೆಂಟಿನಲ್ಲಿ ಜನ ಅವಳನ್ನು ಹಿಯಾಳಿಸಿದರು, ತಪ್ಪು ನನ್ನದಾಗಿತ್ತು. ಆ್ಯಪಿನಲ್ಲೇ ಹಾಡು ಹಾಕಿ, ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಿಸಿ ತೆಗೆದಿದ್ದೆ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಹೊರಡುತ್ತದೆ, ಎಷ್ಟೋ ಸ್ಪೀಕರುಗಳಲ್ಲಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ ಅಂದರೆ ಅರ್ಧ ಸೆಕೆಂಡು. ಅಲ್ಲಿಗೆ ಹೆಚ್ಚೂಕಡಿಮೆ ಅರ್ಧ ಬೀಟ್ ಹೋಯಿತು. ಅವಳು ಕೇಳಿದ್ದಕ್ಕೆ ಸರಿಯಾಗಿಯೇ ಕುಣಿದಿದ್ದಳು.

ಈಗ ನನ್ನ ಚೀಲದಲ್ಲಿ ಲೆನ್ಸಿಗಿಂತ ಮೊದಲು ಸೇರುವುದು ಸ್ಪೀಕರಿನ ವೈರು. ಹಾಡನ್ನು ಆಮೇಲೆ ಜೋಡಿಸುವುದಾದರೆ ಶುರುವಿನಲ್ಲಿ ಸ್ಪೀಕರಿನ ಪಕ್ಕದಲ್ಲೇ ಫೋನಿಟ್ಟು ಹಾಡಿನ ಸದ್ದನ್ನೂ ದಾಖಲಿಸಿಕೊಳ್ಳುತ್ತೇನೆ, ಎಡಿಟಿಂಗಿನಲ್ಲಿ ಅದೇ ದಾರಿ ತೋರಿಸುತ್ತದೆ. ನೋಡುವವನು ಚಿತ್ರ ಸ್ವಲ್ಪ ಮಸುಕಿದ್ದರೂ ಸಹಿಸುತ್ತಾನೆ, ತಾಳ ತಪ್ಪಿದರೆ ಕಾರಣ ಗೊತ್ತಾಗದೆಯೇ ಬೆರಳು ಮೇಲಕ್ಕೆ ಸರಿಸುತ್ತಾನೆ.

7. ಹಿನ್ನೆಲೆಯೂ ಕುಣಿಯುತ್ತಿದ್ದರೆ ಕಷ್ಟ

ಆ್ಯಪಿಗೆ ಹಾಕಿದ ಕೂಡಲೇ ವಿಡಿಯೋವನ್ನು ಅದು ಹಿಂಡಿ ಚಿಕ್ಕದು ಮಾಡುತ್ತದೆ. ಫ್ರೇಮಿನಲ್ಲಿ ಚಲಿಸುವುದು ಹೆಚ್ಚಿದ್ದಷ್ಟೂ ವಿವರ ಉಳಿಸುವುದು ಅದಕ್ಕೆ ಕಷ್ಟ. ಗಾಳಿಗೆ ಆಡುವ ಎಲೆ, ಹೊಗೆ, ಚಿಮ್ಮುವ ಬಣ್ಣದ ಕಾಗದ, ಜೊತೆಗೆ ಓಡಾಡುವ ಕ್ಯಾಮೆರಾ, ಇವೆಲ್ಲ ಸೇರಿದರೆ ಡಾನ್ಸರ್‌ನ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ನನ್ನ ಮೊದಲ ವಿಡಿಯೋದ ಹೊಗೆಗೆ ಆದದ್ದೂ ಇದೇ. ಬೋಳು ಗೋಡೆಯ ಮುಂದೆ ಕುಣಿದದ್ದು ಹಿಂಡಿದ ಮೇಲೂ ಚೊಕ್ಕವಾಗಿ ಉಳಿಯುತ್ತದೆ. ಗೋಡೆಯ ಬಣ್ಣವೂ ಬಟ್ಟೆಯ ಬಣ್ಣವೂ ಒಂದೇ ಆಗದಿದ್ದರೆ ಸಾಕು.

2022ರ ಜೂನ್‌ನಲ್ಲಿ ಇಲ್ಲಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ರೈಲು ಹೊರಡಲು ಶುರುವಾದ ಮೇಲೆ ಎಲ್ಲರಿಗೂ ಅದರ ಮುಂದೆ ಕುಣಿಯುವ ಆಸೆ. ಕಟ್ಟಡ ಚೆಂದವಿದೆ, ನಿಜ. ಆದರೆ ರೈಲು ನಿಲ್ದಾಣವಿರಲಿ, ಮೆಟ್ರೊ ಇರಲಿ, ಅನುಮತಿ ಇಲ್ಲದೆ ಶೂಟಿಂಗ್ ಮಾಡುವಂತಿಲ್ಲ. ಅರ್ಧ ಟೇಕಿನಲ್ಲಿ ಎಬ್ಬಿಸಿ ಕಳಿಸಿದರೆ ಹುಡುಗರ ಮೈಕಾವು ಮತ್ತೆ ಬರುವುದಿಲ್ಲ. ತಾರಸಿಯೂ ಸಾಧು ಅಂತ ತಿಳಿಯಬೇಡಿ: ಐದು ಜನ ಒಟ್ಟಿಗೆ ಎಗರಿದರೆ ನೆಲ ಅದುರುತ್ತದೆ, ಟ್ರೈಪಾಡೂ ಅದುರುತ್ತದೆ. ಹಳಿ ಹತ್ತಿರದ ಮನೆಗಳಲ್ಲಿ ಗೂಡ್ಸ್ ರೈಲು ಹೋದಾಗಲೂ ಹಾಗೇ. ಟ್ರೈಪಾಡನ್ನು ಕಂಬ ಅಥವಾ ತೊಲೆ ಇರುವ ಜಾಗದಲ್ಲಿ ನಿಲ್ಲಿಸಿ, ಮರಳಿನ ಚೀಲ ನೇತುಹಾಕಿ.

8. ಕತ್ತರಿ ತಪ್ಪು ಮುಚ್ಚುತ್ತದೆ, ನಂಬಿಕೆಯನ್ನೂ ಮುರಿಯುತ್ತದೆ

ತಿರುಗುವ ನಡುವೆ ಕಟ್ ಮಾಡಿದರೆ ನೋಡುವವನು 'ಇವನಿಗೆ ಪೂರ್ತಿ ತಿರುಗಲು ಬರಲ್ಲ' ಅಂದುಕೊಳ್ಳುತ್ತಾನೆ, ಬಂದರೂ. ಕಷ್ಟದ ಹೆಜ್ಜೆ ಇರುವ ಎಂಟು ಕೌಂಟನ್ನು ಕತ್ತರಿಸದೆ ಬಿಡುತ್ತೇನೆ. ಕಟ್ ಬೇಕಾದರೆ ಹೊಸ ಸಾಲಿನ ಮೊದಲ ಬೀಟಿನ ಮೇಲೆ. 2020ರಲ್ಲಿ ಶುರುವಾದಾಗ ರೀಲ್ಸ್ ಹದಿನೈದು ಸೆಕೆಂಡಿನದು, ಈಗ ಮೂರು ನಿಮಿಷಕ್ಕೂ ಅವಕಾಶವಿದೆ. ಅವಕಾಶವಿದೆ ಅಂತ ತುಂಬಿಸಬೇಕಿಲ್ಲ. ಹುಡುಗರು ನಡೆದು ಬರುವುದು, ಕನ್ನಡಕ ತೆಗೆಯುವುದು, ತಂಡದ ಲೋಗೊ, ಎಲ್ಲ ತೆಗೆದು ಮೊದಲ ಹೆಜ್ಜೆಯಿಂದಲೇ ಶುರು ಮಾಡಿ.

9. ಎಲ್ಲ ಕುಣಿತಕ್ಕೂ ಒಂದೇ ಅಳತೆಗೋಲಿಲ್ಲ

ರಂಗಪ್ರವೇಶ ತೆಗೆಯಲು ಹೋದಾಗ ಒಬ್ಬರು ಭರತನಾಟ್ಯದ ಟೀಚರ್ ಮೊದಲೇ ಹೇಳಿದರು: "ಜತಿಗೆ ಹತ್ತಿರ ಬರಬೇಡಿ, ಅಭಿನಯಕ್ಕೆ ದೂರ ನಿಲ್ಲಬೇಡಿ." ಜತಿ ಅಂದರೆ ಬರೀ ಹೆಜ್ಜೆಯ ಭಾಗ, ಅಲ್ಲಿ ಮಂಡಿ ಬಾಗಿಸಿದ ಅರಮಂಡಿಯೂ ಪಾದವೂ ಕಾಣಬೇಕು. ಅಭಿನಯದ ಪದದಲ್ಲಿ ಕಣ್ಣು ಕಾಣದಿದ್ದರೆ ಏನೂ ಕಾಣಲಿಲ್ಲ. ಒಂದೇ ವಾಕ್ಯದಲ್ಲಿ ಅಷ್ಟು ಪಾಠ ನನಗೆ ಯಾವ ವರ್ಕ್‌ಶಾಪಿನಲ್ಲೂ ಸಿಕ್ಕಿಲ್ಲ.

ಇನ್ನು ಗಣೇಶನ ವಿಸರ್ಜನೆಗೆ ಹಲಸೂರು ಕೆರೆ ಕಡೆ ಹೊರಟ ತಮಟೆ ಕುಣಿತ. ಅಲ್ಲಿ ಟ್ರೈಪಾಡು, ಬಿಳಿ ಹಲಗೆ ಅಂತ ಹೋದರೆ ನಿಮ್ಮನ್ನೇ ತುಳಿದುಕೊಂಡು ಹೋಗುತ್ತಾರೆ. ಅಲ್ಲಿ ಉಳಿಸಬೇಕಾದದ್ದು ತಮಟೆಯ ಪೆಟ್ಟು. ಫೋನಿನ ಮೈಕು ಹತ್ತಿರದ ತಮಟೆಗೆ ಒಡೆದು ಗೊರಗೊರ ಅನ್ನುತ್ತದೆ, ನಾಲ್ಕು ಹೆಜ್ಜೆ ಹಿಂದೆ ನಿಂತರೆ ಸರಿಹೋಗುತ್ತದೆ. ಆ ಸದ್ದಿನ ಮೇಲೆ ಸಿನಿಮಾ ಹಾಡು ಹಾಕಿದಿರೋ, ಕುಣಿತ ಸತ್ತಿತು.

10. ನೋಡಿದವನಿಗೆ ಎದ್ದು ನಿಲ್ಲಬೇಕು ಅನಿಸಬೇಕು

'ರ‍್ಯಾಂಬೊ 2' ಚಿತ್ರದ 'ಚುಟು ಚುಟು' ಹಾಡು 2018ರಲ್ಲಿ ಬಂದು ಯೂಟ್ಯೂಬ್‌ನಲ್ಲಿ ಹತ್ತು ಕೋಟಿ ವೀಕ್ಷಣೆ ದಾಟಿತು. 2022ರ 'ವಿಕ್ರಾಂತ್ ರೋಣ'ದ 'ರಾ ರಾ ರಕ್ಕಮ್ಮ' ಊರೂರಿನ ರೀಲ್ಸ್ ಆಯಿತು. ಹಾಡು ತೆಗೆದದ್ದು ದೊಡ್ಡ ಬಜೆಟ್ಟಿನಲ್ಲಿ, ಅದನ್ನು ಹಬ್ಬಿಸಿದ್ದು ಹಾಲ್‌ನಲ್ಲಿ ಸೋಫಾ ಸರಿಸಿ ಕುಣಿದ ಮನೆಮಂದಿ. ಅಷ್ಟು ಜನಕ್ಕೆ ಆ ಹೆಜ್ಜೆ ಕಲಿಯಲು ಬಂದದ್ದು ಪರದೆಯ ಮೇಲೆ ಅದು ಬಿಡಿಸಿಟ್ಟಂತೆ ಕಂಡಿದ್ದರಿಂದ. ತಾಂಜಾನಿಯಾದ ಕಿಲಿ ಪೌಲ್ ಮಸಾಯಿ ಉಡುಪಿನಲ್ಲಿ ಬಯಲಲ್ಲಿ ನಿಂತು ನಮ್ಮ ದೇಶದ ಹಾಡುಗಳಿಗೆ ತುಟಿ ಆಡಿಸಿ, ಕುಣಿದು, 2022ರಲ್ಲಿ ಅಲ್ಲಿನ ಭಾರತೀಯ ಹೈಕಮಿಷನ್‌ನಿಂದ ಸನ್ಮಾನ ಪಡೆದ. ಅವನಿಗಿದ್ದ ಸ್ಟುಡಿಯೋ ಹಗಲ ಬೆಳಕು ಮತ್ತು ಅಲುಗದ ಫೋನು. ತುಟಿ ಒಂದಕ್ಷರ ತಪ್ಪುವುದಿಲ್ಲ ಅನ್ನುವುದನ್ನೂ ಗಮನಿಸಿ.

ಕ್ವಾಲಿಟಿ ಜನರನ್ನು ಕರೆತರುವುದಿಲ್ಲ, ಬಂದವರು ಎದ್ದು ಹೋಗದಂತೆ ತಡೆಯುತ್ತದೆ. ಕರೆಯುವುದು ಹೆಜ್ಜೆಯ ಕೆಲಸ.

11. ಹತ್ತು ಸಾವಿರ ಇದ್ದರೆ

ಈಗ ತಂಡಗಳು ಬಂದು "ಹತ್ತು ಸಾವಿರ ಇದೆ ಅಣ್ಣ" ಅಂದರೆ ಹೀಗೆ ಹಂಚಿ ಕೊಡುತ್ತೇನೆ. ನಾಲ್ಕು ಸಾವಿರ ತಾಲೀಮಿಗೆ, ಅಂದರೆ ಹಾಲ್ ಬಾಡಿಗೆ. ಕೊನೆಯ ತಾಲೀಮು ಫೋನಿನ ಮುಂದೆಯೇ ಆಗಬೇಕು, ಕನ್ನಡಿಯ ಮುಂದೆ ಅಲ್ಲ. ಎರಡು ಸಾವಿರ ಬಟ್ಟೆ, ಶೂಗೆ. ಶೂ ನೆಲದ ಬಣ್ಣದ್ದಾಗಬಾರದು. ಒಂದು ಸಾವಿರ ಟ್ರೈಪಾಡ್, ವೈರು, ಥರ್ಮೋಕೋಲಿಗೆ. ಐನೂರು ಇಡ್ಲಿ, ಕಾಫಿ, ನೀರಿಗೆ. ಶೂಟಿಂಗ್ ಮುಗಿಯುವವರೆಗೆ ಬಿರಿಯಾನಿ ಮಾತಿಲ್ಲ. ಉಳಿದ ಎರಡೂವರೆ ಸಾವಿರ ನನಗೆ.

"ಡ್ರೋನಿಗೆ ಅಣ್ಣ?" ಅಂತ ಒಬ್ಬನಾದರೂ ಕೇಳಿಯೇ ಕೇಳುತ್ತಾನೆ. ಎಚ್‌ಎಎಲ್ ವಿಮಾನ ನಿಲ್ದಾಣ ಇಲ್ಲೇ ಪಕ್ಕದಲ್ಲಿದೆ, ಅನುಮತಿ ಇಲ್ಲದೆ ಹಾರಿಸಿದರೆ ವಿಡಿಯೋಗಿಂತ ಮೊದಲು ನೀನೇ ಫೇಮಸ್ ಆಗ್ತೀಯ ಅನ್ನುತ್ತೇನೆ. ಆಮೇಲೆ ಇನ್ನೊಂದು ಮಾತು: ಅಷ್ಟು ಮೇಲಿಂದ ನೋಡಿದರೆ ಬರೀ ತಲೆ ಕಾಣುತ್ತದಪ್ಪ, ಕಾಲು ಎಲ್ಲಿ ಕಾಣುತ್ತೆ?