ಉತಾರ, ತಲಾಠಿ ಮತ್ತು ‘ಸರ್ವರ್ ಡೌನ್’

"ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ."

ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಿಂದ ಬಂದವರಲ್ಲಿ ಈ ಮಾತು ಕೇಳದವರು ಇರಲಿಕ್ಕಿಲ್ಲ. ನಮ್ಮ ಕಾಕಾ ಬೆಳೆಸಾಲಕ್ಕೆ ಉತಾರ ಬೇಕಂತ ಒಂದೇ ವಾರದಲ್ಲಿ ಮೂರು ಸಲ ಬಸ್ಸು ಹತ್ತಿದ್ದ. ಮೂರನೇ ಸಲ ಬರಿಗೈಲಿ ಬಂದವನು ನನ್ನನ್ನೇ ಕೇಳಿದ: "ನೀ ಇದನ್ನ ಓದಾಕ ಹೋಗಿಯಲ್ಲೋ ತಮ್ಮಾ, ಆ ಸರ್ವರ್ ಅನ್ನೂದು ಎಲ್ಲಿರ್ತೈತಿ? ಯಾಕ ಬೀಳ್ತೈತಿ?" ನೆಟ್‌ವರ್ಕ್ಸ್ ಪೇಪರ್‌ನಲ್ಲಿ ಒಳ್ಳೇ ಮಾರ್ಕ್ಸ್ ತೆಗೆದಿದ್ದ ನನಗೆ ಉತ್ತರ ಹೊಳೆಯಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ರಾಜ್ಯದಲ್ಲಿ ಸುಮಾರು 9,000 ತಲಾಠಿಗಳು ಹೊಲದ ದಾಖಲೆಯನ್ನು ಕೈಬರಹದಲ್ಲಿ ಇಟ್ಟುಕೊಂಡಿದ್ದ ಕಾಲ ಅದು. ಪುಸ್ತಕ ತಲಾಠಿಯ ಚೀಲದಲ್ಲಿ. ಯಾರ ಹೆಸರು ಏರಿತು, ಯಾರದು ಇಳಿಯಿತು ಅಂತ ಬೇರೆಯವರು ನೋಡುವ ದಾರಿಯೇ ಕಷ್ಟ. ‘ಭೂಮಿ’ ಯೋಜನೆ ಬಂದು ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲೇ ಉತಾರ ಸಿಗತೊಡಗಿತು. ಆಮೇಲೆ ಕೈಬರಹದ ಉತಾರಕ್ಕೆ ಬೆಲೆಯೇ ಇಲ್ಲವಾಯಿತು.

ನಮ್ಮ ಪಾಠ ಇಲ್ಲಿಂದ ಶುರು. ನಿಮ್ಮ ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಮ್ ಒಂದು ಯಂತ್ರದ ಮೆಮೊರಿ, ಡಿಸ್ಕ್ ನೋಡಿಕೊಳ್ಳುತ್ತದೆ. ನೆಟ್‌ವರ್ಕ್ ಆಪರೇಟಿಂಗ್ ಸಿಸ್ಟಮ್ ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳುತ್ತದೆ. ನೀನು ಯಾರು? ಏನನ್ನು ಮುಟ್ಟಬಹುದು? ಏನು ಮಾಡಿದೆ? 1980ರ ದಶಕದಲ್ಲಿ ನಾವೆಲ್ ನೆಟ್‌ವೇರ್, 1993ರಲ್ಲಿ ವಿಂಡೋಸ್ ಎನ್‌ಟಿ, ಈಗ ಲಿನಕ್ಸ್ ಸರ್ವರ್‌ಗಳು: ಹೆಸರು ಬೇರೆ, ಪ್ರಶ್ನೆಗಳು ಅವೇ. ಭೂಮಿಯಲ್ಲಿ ಸಿಬ್ಬಂದಿ ಲಾಗಿನ್ ಆಗಲು ಬೆರಳಚ್ಚು ಕೊಡಬೇಕಿತ್ತು. ಕಾರಣ ಸರಳ, ಪಾಸ್‌ವರ್ಡ್ ಆದರೆ ಕೈಯಿಂದ ಕೈಗೆ ಹೋಗುತ್ತದೆ. (ಹಾಸ್ಟೆಲ್ ವೈಫೈ ಪಾಸ್‌ವರ್ಡ್ ಎಷ್ಟು ದಿನ ಗುಟ್ಟಾಗಿತ್ತು, ನೆನಪಿಸಿಕೊಳ್ಳಿ.) ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆಯಬೇಕು, ಬೇಕಾದವರದನ್ನು ಮುಂದಕ್ಕೆ ಎಳೆಯುವಂತಿಲ್ಲ. ನಾವು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಬೇಜಾರಿನಿಂದ ಬರೆದ ಕ್ಯೂ ಅಲ್ಲಿ ಒಬ್ಬ ಬಡ ರೈತನ ಪಾಳಿ ಕಾಯುತ್ತದೆ.

ಆದರೆ ಒಂದು ಮಾತು ಸ್ಪಷ್ಟ ಇರಲಿ. ಸರದಿಯ ನಿಯಮ ಇರುವುದು ಅಪ್ಲಿಕೇಶನ್‌ನಲ್ಲಿ. ಅದರ ಕೆಳಗೆ ಡೇಟಾಬೇಸ್, ಅದರ ಕೆಳಗೆ ಆಪರೇಟಿಂಗ್ ಸಿಸ್ಟಮ್. ಕೆಳಗಿನ ಮೆಟ್ಟಿಲಲ್ಲಿ ಅಡ್ಮಿನ್ ಹಕ್ಕು ಇದ್ದವನು ಮೇಲಿನ ನಿಯಮವನ್ನೆಲ್ಲ ಬಿಟ್ಟು ನೇರವಾಗಿ ಟೇಬಲ್ಲನ್ನೇ ತೆರೆಯಬಲ್ಲ. ಅಂದರೆ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆಯೋ ಚೀಲ ಅವನ ಹೆಗಲಿಗೆ ಬಂದಂತೆ. ಅದಕ್ಕೇ ಪ್ರತಿಯೊಬ್ಬರಿಗೂ ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಕೊಡಬೇಕು. ಲಾಗ್ ಫೈಲನ್ನು ಆ ಅಡ್ಮಿನ್ ಅಳಿಸಲಾಗದ ಬೇರೆ ಯಂತ್ರಕ್ಕೆ ಕಳಿಸಬೇಕು. ಲ್ಯಾಬ್‌ನಲ್ಲಿ ಎಲ್ಲರೂ ‘ರೂಟ್’ ಆಗಿ ಲಾಗಿನ್ ಆಗುವ ನಮ್ಮ ಚಟ ಬಿಡುವುದು ಒಳ್ಳೇದು.

ಮೊದಲು ತಾಲೂಕಿಗೊಂದು ಸರ್ವರ್ ಇತ್ತು. ಮುಂದೆ ದಾಖಲೆಗಳು ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್‌ಗೆ ಹೋದವು. ತಾಲೂಕು ಕಚೇರಿಗಳು ಕೆಸ್ವಾನ್ ಎಂಬ ರಾಜ್ಯದ ಜಾಲದ ಮೂಲಕ ಅಲ್ಲಿಗೆ ತಲುಪುತ್ತವೆ. ಬ್ಯಾಕಪ್ ಒಂದೇ ಕಡೆ, ಪ್ಯಾಚ್ ಒಂದೇ ಕಡೆ, ಲಾಭ ದೊಡ್ಡದು. ಆದರೆ ಕಾಕಾನ ಉತಾರಕ್ಕೂ ಪ್ರಿಂಟರ್‌ಗೂ ನಡುವೆ ಈಗ 400 ಕಿಲೋಮೀಟರ್ ದಾರಿ. ಅದರಲ್ಲಿ ಎಲ್ಲಿ ಕೊಂಡಿ ಕಳಚಿದರೂ ಕೌಂಟರಿನಲ್ಲಿ ಹೇಳುವುದು ಅದೇ ಎರಡು ಶಬ್ದ.

ಹಾಗಾದರೆ ಹುಡುಕುವುದು ಹೇಗೆ? ಹತ್ತಿರದಿಂದ ದೂರಕ್ಕೆ. ಮೊದಲು ಗೇಟ್‌ವೇಗೆ ಪಿಂಗ್ ಮಾಡಿ. ಉತ್ತರ ಇಲ್ಲದಿದ್ದರೆ ಮೊದಲು ಕಚೇರಿಯೊಳಗೇ ನೋಡಿ: ಕೇಬಲ್ ಸಡಿಲ, ಸ್ವಿಚ್ಚಿಗೆ ಕರೆಂಟಿಲ್ಲ, ಇಲ್ಲವೇ ಐಪಿ ವಿಳಾಸ ಸಿಕ್ಕಿಲ್ಲ. ವಿಂಡೋಸ್ ಯಂತ್ರದಲ್ಲಿ 169.254 ಅಂತ ಶುರುವಾಗುವ ವಿಳಾಸ ಕಂಡರೆ ಡಿಎಚ್‌ಸಿಪಿ ಸರ್ವರ್ ಸಿಕ್ಕಿಲ್ಲ ಅಂತಲೇ ಲೆಕ್ಕ. ಗೇಟ್‌ವೇ ಸರಿ ಇದ್ದರೆ ಟ್ರೇಸ್‌ರೂಟ್ ಹಾಕಿ, ಎಲ್ಲಿ ನಿಲ್ಲುತ್ತದೆ ನೋಡಿ. ಕೆಲವು ರೂಟರ್‌ಗಳು ಬೇಕಂತಲೇ ಇದಕ್ಕೆ ಉತ್ತರಿಸುವುದಿಲ್ಲ, ಆದ್ದರಿಂದ ನಕ್ಷತ್ರ ಚಿಹ್ನೆ ಬಿದ್ದ ಕೂಡಲೇ ಲಿಂಕ್ ಸತ್ತಿದೆ ಅನ್ನಬೇಡಿ. ನಂತರ ಎನ್‌ಎಸ್‌ಲುಕಪ್: ಹೆಸರು ವಿಳಾಸವಾಗಿ ಬದಲಾಗುತ್ತಿದೆಯೇ? ಕೊನೆಗೆ 443ನೇ ಪೋರ್ಟ್ ತೆರೆಯುತ್ತದೆಯೇ? ಇಷ್ಟೂ ಸರಿ ಇದ್ದೂ ಪುಟ ಬರದಿದ್ದರೆ ಆಗ ಮಾತ್ರ ಸರ್ವರ್ ಅಥವಾ ಅಪ್ಲಿಕೇಶನ್ ಮೇಲೆ ಅನುಮಾನ ಪಡಬಹುದು.

ನಮ್ಮ ಕಡೆ ದಾರಿಯ ತೊಂದರೆಯೂ ಕಡಿಮೆಯಲ್ಲ. ನವಲಗುಂದ, ಅಣ್ಣಿಗೇರಿಯ ಎರಿ ಮಣ್ಣು ಬೇಸಿಗೆಗೆ ಬಿರುಕು ಬಿಟ್ಟು ಮಳೆಗೆ ಉಬ್ಬುತ್ತದೆ. ಕಲಘಟಗಿ ಕಡೆ ಮಳೆ, ಕಾಡು. ರಸ್ತೆ ಅಗಲ ಮಾಡುವ ಜೆಸಿಬಿ ಎಲ್ಲಾ ಕಡೆ. ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು, ಈಗಿನ ಹೆಸರು ಭಾರತ್‌ನೆಟ್. ಮೊದಲ ಹಂತದ ಸಾಲು ಜೋಡಣೆಯಲ್ಲಿ ನಡುವೆ ಒಂದು ಕಡೆ ತುಂಡಾದರೆ ಮುಂದಿನ ಊರುಗಳಿಗೆಲ್ಲ ಕತ್ತಲೆ. 2023ರಲ್ಲಿ ಒಪ್ಪಿಗೆಯಾದ ತಿದ್ದುಪಡಿ ಯೋಜನೆಯಲ್ಲಿ ರಿಂಗ್ ಜೋಡಣೆ ಇದೆ. ಒಂದು ಕಡೆ ಹರಿದರೆ ಡೇಟಾ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ.

ಇಷ್ಟನ್ನೂ ಕಾಕಾನಿಗೆ ಕಟ್ಟೆ ಮೇಲೆ ಕುಳಿತು ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಅಂದ: "ಹಂಗಾರ ಎಲ್ಲಿ ಹರದೈತಿ, ಎಷ್ಟೊತ್ತಿಗೆ ಬರ್ತೈತಿ ಅಂತ ಬಾಗಲಾಗ ಒಂದ್ ಬೋರ್ಡರ ಬರೀಬಹುದಲ್ಲ? ಬಸ್ ಚಾರ್ಜ್ ಉಳೀತಿತ್ತು."

ಬರೀಬಹುದು. ಸ್ವಿಚ್, ರೂಟರ್‌ಗಳ ಸ್ಥಿತಿಯನ್ನು ಎಸ್‌ಎನ್‌ಎಂಪಿಯಿಂದ ನಿಮಿಷಕ್ಕೊಮ್ಮೆ ಕೇಳಬಹುದು, ಉಚಿತವಾಗಿ ಸಿಗುವ ನಾಗಿಯೋಸ್, ಜಬಿಕ್ಸ್ ಅದನ್ನು ಪರದೆ ಮೇಲೆ ತೋರಿಸುತ್ತವೆ. ಅಲ್ಲಿಂದ ರೈತನ ಮೊಬೈಲಿಗೆ ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ ಕಳಿಸುವುದು ನಮ್ಮ ಮಿನಿ ಪ್ರಾಜೆಕ್ಟಿನ ಅಳತೆಯ ಕೆಲಸ. ಈ ಸೆಮಿಸ್ಟರ್ ನಾವು ಮೂವರು ಅದನ್ನೇ ಹಿಡಿದಿದ್ದೇವೆ. ಸದ್ಯಕ್ಕೆ ಲ್ಯಾಬಿನ ಎರಡು ಸ್ವಿಚ್ ಮಾತಾಡುತ್ತಿವೆ, ಮೂರನೆಯದು ಇನ್ನೂ ಇಲ್ಲ.